ಅಜ್ಜಿ ಕೊಟ್ಟ ಸಂತರ ಎಲುಬಿನ ಚೂರು: ಇದು ಅಸಲಿಯೇ ಅಂತ ಕೇಳುವುದು ತಪ್ಪಾ?

ಮೊಂಬತ್ತಿ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು.

ನಮ್ಮ ಅಜ್ಜಿ ತೀರಿಕೊಳ್ಳುವ ಮೊದಲು ನನ್ನ ಕೈಗೆ ಒಂದು ಪುಟ್ಟ ಹಿತ್ತಾಳೆ ಡಬ್ಬಿ ಕೊಟ್ಟರು. ದುಂಡಗಿದೆ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಮುಂದೆ ಗಾಜು. ಒಳಗೆ ಕೆಂಪು ಬಟ್ಟೆಯ ಮೇಲೆ ಸಾಸಿವೆ ಕಾಳಿನಷ್ಟು ಒಂದು ಚೂರು, ಅದರ ಕೆಳಗೆ ಏನೋ ಬರೆದ ಕಾಗದದ ಪಟ್ಟಿ. "ಇದು ಸಂತರ ಎಲುಬು. ನಿಮ್ಮಮ್ಮನಿಗೆ ಜ್ವರ ಬಂದಾಗೆಲ್ಲ ಇದನ್ನೇ ಹಣೆಗೆ ಮುಟ್ಟಿಸ್ತಿದ್ದೆ" ಅಂದಿದ್ದರು. ಅಜ್ಜಿ ಹೋದ ಮೇಲೆ ನಾನೂ ದಿನಾ ರಾತ್ರಿ ಅದನ್ನು ಕೈಯಲ್ಲಿ ಹಿಡಿದು ಪ್ರಾರ್ಥನೆ ಮಾಡುತ್ತಿದ್ದೆ.

ಹೋದ ತಿಂಗಳು ರೋಮ್‌ನ ಹನ್ನೆರಡು ಪ್ರೇಷಿತರ ದೇವಾಲಯದ ಬಗ್ಗೆ ಓದಿದೆ. ಯೇಸುಸ್ವಾಮಿಯ ಹನ್ನೆರಡು ಶಿಷ್ಯರಲ್ಲಿ (ಪ್ರೇಷಿತರಲ್ಲಿ) ಇಬ್ಬರಾದ ಫಿಲಿಪ್ಪ ಮತ್ತು ಯಕೋಬರ ಎಲುಬು ಅಂತ ಅಲ್ಲಿ ಸಾವಿರಕ್ಕೂ ಹೆಚ್ಚು ವರ್ಷದಿಂದ ಇಟ್ಟಿದ್ದಾರೆ. ಡೆನ್ಮಾರ್ಕ್‌ನ ವಿಜ್ಞಾನಿಗಳು ಅದನ್ನು ಪರೀಕ್ಷೆ ಮಾಡಿ 2021ರಲ್ಲಿ ಫಲಿತಾಂಶ ಹೇಳಿದರು. ಯಕೋಬನದು ಅನ್ನುವ ತೊಡೆಯೆಲುಬು ಕ್ರಿ.ಶ. 214ರಿಂದ 340ರ ನಡುವಿನದಂತೆ. ಯಕೋಬ ಬದುಕಿದ್ದು ಮೊದಲ ಶತಮಾನದಲ್ಲಿ, ಅಂದರೆ ಅದು ಯಕೋಬನದಲ್ಲ. ಅಷ್ಟು ದೊಡ್ಡ ದೇವಾಲಯದಲ್ಲೇ ಹೀಗಾದರೆ ನನ್ನ ಕೈಯಲ್ಲಿರುವ ಚೂರಿನ ಗತಿ ಏನು?

ಅವತ್ತಿನಿಂದ ಡಬ್ಬಿ ಮುಟ್ಟಿಲ್ಲ. ಮುಟ್ಟಲು ಮನಸ್ಸು ಬರುತ್ತಿಲ್ಲ, ಎಸೆಯಲೂ ಆಗುತ್ತಿಲ್ಲ. ಅನುಮಾನ ಬಂದಿದ್ದಕ್ಕೇ ತಪ್ಪು ಮಾಡಿದೆ ಅನ್ನಿಸುತ್ತಿದೆ. ತಿಳಿದವರು ಹೇಳಿ.

ದೀಪದಕುಡಿ

ಮಗು, ಮೊದಲು ಆ ಡಬ್ಬಿಯನ್ನು ಎತ್ತಿ ಒಂದು ಶುಭ್ರವಾದ ಜಾಗದಲ್ಲಿಡು. ಉಳಿದದ್ದು ಆಮೇಲೆ ಮಾತಾಡೋಣ.

ಅವಶೇಷಗಳ (ಸಂತರ ಎಲುಬು, ಬಟ್ಟೆ ಮುಂತಾದವುಗಳ) ಭಕ್ತಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಎರಡನೇ ಶತಮಾನದಲ್ಲಿ ಸ್ಮಿರ್ನ ಎಂಬ ಊರಿನ ಧರ್ಮಾಧ್ಯಕ್ಷರಾಗಿದ್ದ (ಬಿಷಪ್ ಆಗಿದ್ದ) ಪಾಲಿಕಾರ್ಪರನ್ನು ಸುಟ್ಟು ಕೊಂದಾಗ, ಅಲ್ಲಿನ ಕ್ರೈಸ್ತರು ಅವರ ಎಲುಬುಗಳನ್ನು ಆರಿಸಿ ತಂದರು. ರತ್ನಕ್ಕಿಂತ ಬೆಲೆಯುಳ್ಳವು, ಬಂಗಾರಕ್ಕಿಂತ ಶುದ್ಧವಾದವು ಅಂತ ಅವರೇ ಬರೆದಿಟ್ಟಿದ್ದಾರೆ. ಬೈಬಲಿನಲ್ಲೂ ಇದೆ. ಪ್ರವಾದಿ ಎಲೀಷನ ಎಲುಬು ತಾಗಿದ್ದೇ ತಡ ಸತ್ತವನು ಎದ್ದು ನಿಂತ. ಪೌಲನ ಮೈಗೆ ತಾಗಿದ ಕರವಸ್ತ್ರ ಮುಟ್ಟಿಸಿದರೆ ರೋಗಿಗಳು ಗುಣವಾಗುತ್ತಿದ್ದರು. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಆ ಹೆಂಗಸು ಯೇಸುಸ್ವಾಮಿಯ ಉಡುಪಿನ ಅಂಚನ್ನಷ್ಟೇ ಮುಟ್ಟಿದಳು ಅಲ್ವಾ?

ನಿಮ್ಮಜ್ಜಿ ಮಾಡಿದ್ದೂ ಅದನ್ನೇ. ಅನುಮಾನ ಬಂದರೆ ಬರಲಿ. ಸ್ವಾಮಿ ಸತ್ತು ಎದ್ದಿದ್ದಾರೆ ಅಂದಾಗ ಶಿಷ್ಯ ತೋಮನಿಗೂ ಬಂದಿತ್ತು. ಸ್ವಾಮಿ ಅವನನ್ನು ಹೊರಗೆ ಹಾಕಲಿಲ್ಲ, ಕೈ ಚಾಚಿ ಮುಟ್ಟು ಅಂದರು.

ಬರಿಗೈ

ದೀಪದಕುಡಿ ಅಮ್ಮನ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ನಾನು ಪ್ರಾಟೆಸ್ಟೆಂಟ್ ಮನೆಯಲ್ಲಿ ಬೆಳೆದವನು.

ಎಲೀಷನ ಎಲುಬಿನ ಕಥೆ ಇರುವ ಅದೇ ಪುಸ್ತಕದಲ್ಲಿ ಇನ್ನೊಂದು ಕಥೆಯೂ ಇದೆ. ಮೋಶೆ ಮಾಡಿಸಿದ ಕಂಚಿನ ಹಾವನ್ನು ಜನ ನೂರಾರು ವರ್ಷ ಜೋಪಾನವಾಗಿಟ್ಟಿದ್ದರು. ಅದು ಅಸಲಿ. ಅದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಕೊನೆಗೆ ಜನ ಅದಕ್ಕೇ ಧೂಪ ಹಾಕತೊಡಗಿದಾಗ ಅರಸ ಹಿಜ್ಕೀಯ ಅದನ್ನು ಒಡೆದು ಚೂರು ಮಾಡಿದ. ಅವನು ಮಾಡಿದ್ದು ಸರಿ ಅಂತಲೇ ಬೈಬಲ್ ಹೇಳುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಅಸಲಿಯೋ ನಕಲಿಯೋ ಅನ್ನುವುದು ಎರಡನೇ ಪ್ರಶ್ನೆ. ಅಸಲಿಯೇ ಆದರೂ ಅದರ ಮುಂದೆ ನಾವು ಏನು ಮಾಡುತ್ತಿದ್ದೇವೆ ಅನ್ನುವುದು ಮೊದಲನೇದು.

ಇತಿಹಾಸ ನೋಡಿದರೆ ಭಯವಾಗುತ್ತದೆ. ವಿಟೆನ್‌ಬರ್ಗ್‌ನಲ್ಲಿ ಪ್ರಾಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರ್ ಪಾಠ ಹೇಳುತ್ತಿದ್ದ ಕಾಲಕ್ಕೆ ಅಲ್ಲಿನ ದೊರೆ ಫ್ರೆಡರಿಕ್ ಬಳಿ 1520ರ ಹೊತ್ತಿಗೆ 19,013 ಅವಶೇಷಗಳಿದ್ದವು. ಅವನ್ನು ದರ್ಶನ ಮಾಡಿ ಕಾಣಿಕೆ ಕೊಟ್ಟರೆ ಪಾಪದ ಶಿಕ್ಷೆ ಇಷ್ಟಿಷ್ಟು ವರ್ಷ ಕಮ್ಮಿ ಅಂತ ಲೆಕ್ಕ ಬೇರೆ. 1543ರಲ್ಲಿ ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಶಿಲುಬೆಯ ಮರ ಅಂತ ತೋರಿಸುವ ಚೂರುಗಳನ್ನೆಲ್ಲ ಸೇರಿಸಿದರೆ ಒಂದು ಹಡಗು ತುಂಬುತ್ತದೆ ಅಂದರು.

ಮೊಂಬತ್ತಿಯವರೇ, ನಿಮ್ಮ ಅಜ್ಜಿಯ ಪ್ರಾರ್ಥನೆ ಕೇಳಿದ್ದು ದೇವರು. ಆ ಚೂರಲ್ಲ.

ಹಳೇಕಾಗದ

ಹಡಗಿನ ಮಾತು ಬಂದಿದ್ದರಿಂದ ಒಂದು ವಿಷಯ ಸೇರಿಸುತ್ತೇನೆ. 1870ರಲ್ಲಿ ರೊಹೊ ದ ಫ್ಲೂರಿ ಅನ್ನುವ ಫ್ರೆಂಚ್ ವಿದ್ವಾಂಸ ಯುರೋಪಿನಲ್ಲಿ ಗೊತ್ತಿದ್ದ ಶಿಲುಬೆ ಚೂರುಗಳ ಅಳತೆಗಳನ್ನು ಕಲೆಹಾಕಿದ. ಎಲ್ಲ ಸೇರಿ ಸುಮಾರು 39 ಲಕ್ಷ ಘನ ಮಿಲಿಮೀಟರ್ ಆಯಿತು. ಅಂದರೆ ಬರೀ ನಾಲ್ಕು ಲೀಟರ್ ಪಾತ್ರೆಯಷ್ಟು. ಒಂದು ಇಡೀ ಶಿಲುಬೆಗೆ ಅವನ ಅಂದಾಜು 17.8 ಕೋಟಿ ಘನ ಮಿಲಿಮೀಟರ್. ಹಾಗಾಗಿ ಹಡಗಿನ ಲೆಕ್ಕ ನಿಲ್ಲುವುದಿಲ್ಲ. ಆದರೆ ಇದರಿಂದ ಆ ಚೂರುಗಳು ಅಸಲಿ ಅಂತಲೂ ಆಗುವುದಿಲ್ಲ. ಕಮ್ಮಿ ಇರುವುದು ಬೇರೆ, ನಿಜ ಇರುವುದು ಬೇರೆ.

ಮೊಂಬತ್ತಿಯವರೇ, ಅನುಮಾನ ಪಟ್ಟಿದ್ದೇ ತಪ್ಪಾ ಅಂತ ಕೇಳಿದಿರಿ. ಈ ಅನುಮಾನ ಹೊರಗಿನವರಿಂದ ಬಂದಿದ್ದಲ್ಲ. ಧರ್ಮಸಭೆಯ (ಕ್ರೈಸ್ತ ಚರ್ಚಿನ) ಒಳಗೇ ಹುಟ್ಟಿದ್ದು, ಭಕ್ತಿಯಷ್ಟೇ ಹಳೆಯದು. 400ರ ಹೊತ್ತಿಗೇ ಸಂತ ಅಗಸ್ಟೀನರು ಊರೂರು ಅಲೆಯುವ ಕಪಟ ಸನ್ಯಾಸಿಗಳ ಬಗ್ಗೆ ಸಿಟ್ಟಿನಿಂದ ಬರೆದಿದ್ದಾರೆ. ರಕ್ತಸಾಕ್ಷಿಗಳ (ನಂಬಿಕೆಗಾಗಿ ಪ್ರಾಣ ಕೊಟ್ಟವರ) ಅಂಗಾಂಗ ಮಾರುತ್ತಾರೆ, ಅವು ರಕ್ತಸಾಕ್ಷಿಗಳದ್ದೇ ಆಗಿದ್ದರೆ ಅಂತ. ಆ ಕೊನೆಯ ಮಾತು ನೋಡಿ. ಅವರಿಗೂ ಅನುಮಾನವಿತ್ತು.

12ನೇ ಶತಮಾನದ ಶುರುವಿನಲ್ಲಿ ಫ್ರಾನ್ಸಿನ ಮಠಾಧಿಪತಿ ಗಿಬೇರ್ ಇದನ್ನೇ ಇನ್ನೂ ಬಿಡಿಸಿ ಬರೆದರು. ನೆರೆಯ ಮಠದವರು ಯೇಸುಸ್ವಾಮಿಯ ಹಾಲುಹಲ್ಲು ತಮ್ಮ ಬಳಿ ಇದೆ ಅನ್ನುತ್ತಿದ್ದರು. ಗಿಬೇರ್ ಒಪ್ಪಲಿಲ್ಲ. ಯೇಸುಸ್ವಾಮಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೋಹಾನನ ತಲೆ ಎರಡು ಕಡೆ ಇದೆ ಅಂದಾಗ, ಒಬ್ಬ ಮನುಷ್ಯನಿಗೆ ಎರಡು ತಲೆ ಇರಲು ಆಗದು, ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತ ನೇರವಾಗಿ ಹೇಳಿದರು. ಅವರು ನಾಸ್ತಿಕರಲ್ಲ, ಸನ್ಯಾಸಿ. ಸಂತರ ಮೇಲಿನ ಪ್ರೀತಿಗೇ ಹಾಗೆ ಬರೆದರು.

ಜನರ ಆಸೆಯೂ ಎಷ್ಟಿತ್ತು ಅಂದರೆ, 380ರ ದಶಕದಲ್ಲಿ ಜೆರುಸಲೇಮಿಗೆ ಹೋದ ಎಗೇರಿಯಾ ಅನ್ನುವ ಯಾತ್ರಿಕಳು ಒಂದು ಸಂಗತಿ ಬರೆದಿದ್ದಾಳೆ. ಶುಭ ಶುಕ್ರವಾರ ಜನ ಸಾಲಾಗಿ ಬಂದು ಶಿಲುಬೆಯ ಮರಕ್ಕೆ ಮುತ್ತಿಡುತ್ತಿದ್ದರು. ಸುತ್ತ ಡೀಕನರು (ಗುರುಗಳ ಸಹಾಯಕರು) ಕಣ್ಣಿಟ್ಟು ಕಾಯುತ್ತಿದ್ದರು. ಏಕೆಂದರೆ ಹಿಂದೊಮ್ಮೆ ಯಾರೋ ಮುತ್ತಿಡುವ ನೆಪದಲ್ಲಿ ಒಂದು ಚೂರನ್ನು ಕಚ್ಚಿಕೊಂಡು ಹೋಗಿದ್ದರು. ಇದನ್ನು ಓದಿದಾಗೆಲ್ಲ ಆ ಮನುಷ್ಯನ ಮೇಲೆ ನನಗೆ ಕೋಪ ಬರುವುದಿಲ್ಲ. ಮನೆಯಲ್ಲಿ ಯಾರು ಕಾಯಿಲೆ ಬಿದ್ದಿದ್ದರೋ ಏನೋ.

ಅನುಮಾನಿ

ನಾನು ದೇವರನ್ನು ನಂಬುವವನಲ್ಲ, ಆದರೂ ಈ ಪ್ರಶ್ನೆ ನನಗೂ ಮುಖ್ಯ. ನಂಬಿದವರ ಬಗ್ಗೆ ನನ್ನ ತಕರಾರಿಲ್ಲ. ನಂಬಿಕೆಯನ್ನು ಬಳಸಿಕೊಂಡವರ ಬಗ್ಗೆ ಇದೆ.

ಫ್ರಾನ್ಸಿಗಾಗಿ ಹೋರಾಡಿದ, ಆಮೇಲೆ ಸಂತಳೆಂದು ಘೋಷಿಸಿದ ಜೋನ್ ಆಫ್ ಆರ್ಕ್ ವಿಷಯ ನೋಡಿ. 1431ರಲ್ಲಿ ಆ ಹುಡುಗಿಯನ್ನು ಕಂಬಕ್ಕೆ ಕಟ್ಟಿ ಸುಟ್ಟರು. 1867ರಲ್ಲಿ ಪ್ಯಾರಿಸ್ಸಿನ ಒಂದು ಔಷಧಿ ಅಂಗಡಿಯ ಅಟ್ಟದಲ್ಲಿ ಜಾಡಿಯೊಂದು ಸಿಕ್ಕಿತು. ಆ ಚಿತೆಯ ಕೆಳಗೆ ಸಿಕ್ಕ ಅವಶೇಷ ಅಂತ ಮೇಲೆ ಬರೆದಿತ್ತು. ಒಳಗೆ ಕರಕಲಾದ ಪಕ್ಕೆಲುಬು, ಬಟ್ಟೆ ಚೂರು, ಬೆಕ್ಕಿನ ತೊಡೆ ಎಲುಬು. ಫ್ರೆಂಚ್ ವಿಜ್ಞಾನಿ ಫಿಲಿಪ್ ಶಾರ್ಲಿಯೇ ತಂಡ ಪರೀಕ್ಷಿಸಿ 2007ರಲ್ಲಿ ಹೇಳಿದ್ದು: ಅದು ಈಜಿಪ್ಟಿನ ಮಮ್ಮಿಯ ಚೂರು, ಕ್ರಿಸ್ತ ಹುಟ್ಟುವುದಕ್ಕೂ ನೂರಾರು ವರ್ಷ ಹಿಂದಿನದು. ಸುಗಂಧದ್ರವ್ಯ ತಯಾರಿಸುವ ಇಬ್ಬರು ಪರಿಣತರಿಗೆ ಅದನ್ನು ಮೂಸಲು ಕೊಟ್ಟಿದ್ದರು. ವೆನಿಲಾ ವಾಸನೆ ಇದೆ ಅಂದರು. ಸುಟ್ಟ ದೇಹಕ್ಕೆ ಆ ವಾಸನೆ ಬರುವುದಿಲ್ಲ, ನಿಧಾನವಾಗಿ ಒಣಗಿದ ದೇಹಕ್ಕೆ ಬರುತ್ತದೆ.

ಯಾರೋ ಒಬ್ಬರು ಬೇಕೆಂದೇ ಅದನ್ನು ಜಾಡಿಗೆ ತುಂಬಿ ಚೀಟಿ ಅಂಟಿಸಿದ್ದಾರೆ. ಇದು ಹಳೇ ಕಾಲದ ಕಥೆ ಅಂತಲೂ ಅಲ್ಲ. 15 ವರ್ಷಕ್ಕೇ ತೀರಿಕೊಂಡ ಕಾರ್ಲೊ ಅಕೂಟಿಸ್ ಎಂಬ ಹುಡುಗನನ್ನು 2025ರಲ್ಲಿ ಸಂತ ಅಂತ ಘೋಷಿಸಿದರು. ಅದಕ್ಕೂ ಮೊದಲೇ ಅವನ ಕೂದಲು ಅಂತ ಆನ್‌ಲೈನ್‌ನಲ್ಲಿ ಹರಾಜಿಗಿಟ್ಟಿದ್ದರು. ಅಸ್ಸಿಸಿಯ ಧರ್ಮಾಧ್ಯಕ್ಷರೇ ದೂರು ಕೊಡಬೇಕಾಯಿತು. ಅವನ ತಾಯಿ ಇನ್ನೂ ಬದುಕಿದ್ದಾರೆ. ಮಗನ ಕೂದಲಿಗೆ ಯಾರೋ ರೇಟು ಕಟ್ಟುವುದನ್ನು ಆ ತಾಯಿ ನೋಡಬೇಕಾ?

ದೀಪದಕುಡಿ

ಅನುಮಾನಿಯವರೇ, ಇದರಲ್ಲಿ ನಾನು ಪೂರ್ತಿ ನಿಮ್ಮ ಪರ. ಅವಶೇಷ ಮಾರುವುದನ್ನು ಧರ್ಮಸಭೆಯ ಕಾನೂನಿನ 1190ನೇ ನಿಯಮವೇ ಸಂಪೂರ್ಣ ನಿಷೇಧಿಸಿದೆ. 1215ರಲ್ಲಿ ಧರ್ಮಾಧ್ಯಕ್ಷರು ಸೇರಿದ್ದ ಲ್ಯಾಟರನ್ ಸಭೆಯಲ್ಲೇ ಮಾರಬೇಡಿ ಅಂದಿದ್ದರು. ಅಂದರೂ ಮಾರಿದರು, ಅದು ನಮ್ಮ ಪಾಪ.

ಆದರೆ ಟುರಿನ್‌ನ ಹೆಣವಸ್ತ್ರದ ಬಗ್ಗೆ, ಯೇಸುಸ್ವಾಮಿಯ ದೇಹಕ್ಕೆ ಸುತ್ತಿದ್ದು, ಅವರ ರೂಪ ಮೂಡಿದೆ ಅನ್ನುವ ಆ ಬಟ್ಟೆಯ ಬಗ್ಗೆ, ಏನು ಹೇಳುತ್ತೀರಿ? 1898ರಲ್ಲಿ ಸೆಕೊಂಡೊ ಪಿಯಾ ಫೋಟೋ ತೆಗೆದಾಗ ನೆಗೆಟಿವ್‌ನಲ್ಲಿ ಆ ಮುಖ ಎದ್ದು ಬಂತು. 1978ರಲ್ಲಿ ಅಮೆರಿಕದ ವಿಜ್ಞಾನಿಗಳ ತಂಡ ಐದು ದಿನ ಹಗಲೂ ರಾತ್ರಿ ಪರೀಕ್ಷೆ ಮಾಡಿ, ಇದು ಬಣ್ಣದಲ್ಲಿ ಬರೆದ ಚಿತ್ರವಲ್ಲ ಅಂದರು. ಆ ಮುಖದ ಮುಂದೆ ನಾನು ನಿಂತಿದ್ದೇನೆ. ಅವತ್ತು ಅತ್ತಿದ್ದು ಸುಳ್ಳಲ್ಲ.

ಇಂಗಾಲ

ಅಮ್ಮ, ನೀವು ಅತ್ತಿದ್ದು ಸುಳ್ಳು ಅಂತ ಯಾವ ಲ್ಯಾಬೂ ಹೇಳಲಾರದು. ಕಾಲಮಾಪನದ ಕೆಲಸ ಹತ್ತಿರದಿಂದ ನೋಡಿದವಳು ನಾನು, ಹಾಗಾಗಿ ಆ ಭಾಗವನ್ನಷ್ಟೇ ಬಿಡಿಸಿ ಹೇಳುತ್ತೇನೆ.

ಬದುಕಿರುವ ಎಲ್ಲದರಲ್ಲೂ ಇಂಗಾಲ-14 ಸ್ವಲ್ಪ ಇರುತ್ತದೆ. ಸತ್ತ ಮೇಲೆ ಹೊಸದು ಸೇರುವುದಿಲ್ಲ, ಇದ್ದದ್ದು ಕರಗುತ್ತಾ ಹೋಗುತ್ತದೆ. 5,730 ವರ್ಷಕ್ಕೆ ಅರ್ಧ ಆಗುತ್ತದೆ. ಎಷ್ಟು ಉಳಿದಿದೆ ಅಂತ ಎಣಿಸಿದರೆ ಯಾವಾಗ ಸತ್ತಿದ್ದು ಅಂತ ತಿಳಿಯುತ್ತದೆ. ನಾರುಬಟ್ಟೆಯಾದರೆ, ಆ ನಾರು ಕೊಟ್ಟ ಅಗಸೆ ಗಿಡ ಕಿತ್ತ ಕಾಲ. ಪರೀಕ್ಷೆಗೆ ಕೊಟ್ಟ ಚೂರು ಸುಟ್ಟುಹೋಗುತ್ತದೆ, ವಾಪಸ್ ಬರುವುದಿಲ್ಲ. ಧರ್ಮಸಭೆ ಹಿಂದೆಮುಂದೆ ನೋಡಲು ಅದೂ ಒಂದು ಕಾರಣ.

ಹೆಣವಸ್ತ್ರ ಸುಮಾರು 4.4 ಮೀಟರ್ ಉದ್ದ, 1.1 ಮೀಟರ್ ಅಗಲ. 1988ರ ಏಪ್ರಿಲ್‌ನಲ್ಲಿ ಒಂದು ಮೂಲೆಯಿಂದ ಸಣ್ಣ ಪಟ್ಟಿ ಕತ್ತರಿಸಿ ಆಕ್ಸ್‌ಫರ್ಡ್, ಜ್ಯೂರಿಕ್, ಅರಿಝೋನಾದ ಮೂರು ಲ್ಯಾಬ್‌ಗಳಿಗೆ ಕೊಟ್ಟರು. ಮೂರೂ ಕಡೆಯ ಲೆಕ್ಕ ಸೇರಿಸಿದಾಗ ಬಂದಿದ್ದು 1260ರಿಂದ 1390. ಆ ಮೂಲೆ ಮಧ್ಯಕಾಲದಲ್ಲಿ ತೇಪೆ ಹಾಕಿದ್ದು ಅನ್ನುವ ವಾದವಿದೆ. ಆದರೆ 2002ರಲ್ಲಿ ಆ ಬಟ್ಟೆಯನ್ನು ಕೈಯಾರೆ ದುರಸ್ತಿ ಮಾಡಿದ ಜವಳಿ ತಜ್ಞೆ ಫ್ಲೂರಿ-ಲೆಂಬರ್ಗ್, ಅಲ್ಲಿ ತೇಪೆಯ ಗುರುತೇ ಇಲ್ಲ ಅಂದರು. ಮೂರು ಲ್ಯಾಬ್‌ಗಳ ಅಂಕಿಗಳು ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ ಅಂತ 2019ರಲ್ಲಿ ಒಂದು ಲೇಖನ ಬಂತು. ಆ ಟೀಕೆಯಲ್ಲಿ ಹುರುಳಿದೆ, ಮತ್ತೊಮ್ಮೆ ಪರೀಕ್ಷೆಯಾದರೆ ನನಗೂ ಸಂತೋಷ. ಆದರೆ ಮೊದಲ ಶತಮಾನದ ಬಟ್ಟೆ 14ನೇ ಶತಮಾನದ್ದಾಗಿ ಕಾಣಬೇಕಾದರೆ, ಆ ಚೂರಿನ ಇಂಗಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಸದಾಗಿರಬೇಕು. ಕೈಬೆವರು, ಹೊಗೆ, ಮೇಣದಿಂದ ಅಷ್ಟು ಆಗುವುದಿಲ್ಲ.

ಇನ್ನು ಇದಕ್ಕಿಂತ ಮುಖ್ಯವಾದ ಮಾತು. ಈ ಪರೀಕ್ಷೆಗೆ "ಅಲ್ಲ" ಅನ್ನಲು ಬರುತ್ತದೆ, "ಹೌದು" ಅನ್ನಲು ಬರುವುದಿಲ್ಲ. 2010ರಲ್ಲಿ ಬಲ್ಗೇರಿಯಾದ ಸ್ವೆತಿ ಇವಾನ್ ದ್ವೀಪದಲ್ಲಿ ಹಳೇ ದೇವಾಲಯದ ಕೆಳಗೆ ಎಲುಬುಗಳು ಸಿಕ್ಕವು. ಜೊತೆಗಿದ್ದ ಪುಟ್ಟ ಪೆಟ್ಟಿಗೆಯ ಮೇಲೆ ಸ್ನಾನಿಕ ಯೋಹಾನನ ಹೆಸರಿತ್ತು. ಆಕ್ಸ್‌ಫರ್ಡ್‌ನಲ್ಲಿ ಒಂದು ಬೆರಳೆಲುಬು ಪರೀಕ್ಷಿಸಿದರೆ ಮೊದಲ ಶತಮಾನದ್ದು ಅಂತ ಬಂತು. ಡಿಎನ್ಎ ಕೂಡ ಪಶ್ಚಿಮ ಏಷ್ಯಾದವರಿಗೆ ಹೊಂದುವಂತಿತ್ತು. ಎಲ್ಲ ಕೂಡಿಬಂತು. ಹಾಗಿದ್ದೂ ಅದು ಯೋಹಾನನದು ಅಂತ ಹೇಳಲಾಗದು. ಆ ಶತಮಾನದಲ್ಲಿ ಆ ಕಡೆ ಲಕ್ಷಾಂತರ ಜನ ಬದುಕಿ ಸತ್ತಿದ್ದಾರೆ. ಹೋಲಿಸಿ ನೋಡಲು ನಮ್ಮ ಬಳಿ ಯೋಹಾನನ ಇನ್ನೊಂದು ಎಲುಬಿಲ್ಲ.

ಕೆಲವು ಕಡೆ ಎಲುಬುಗಳೇ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ಸಂತ ನಿಕೊಲಾಸರದ್ದು ಹಾಗೆ. 1087ರಲ್ಲಿ ಇಟಲಿಯ ಬಾರಿ ಊರಿನ ನಾವಿಕರು ಈಗಿನ ಟರ್ಕಿಯ ಮೈರಾದಲ್ಲಿದ್ದ ಅವರ ಸಮಾಧಿಯಿಂದ ದೊಡ್ಡ ಎಲುಬುಗಳನ್ನು ಹೊತ್ತೊಯ್ದರು. ಆಮೇಲೆ ಬಂದ ವೆನಿಸ್‌ನವರಿಗೆ ಉಳಿದ ಚೂರುಪಾರು ಸಿಕ್ಕಿತು. ಬಾರಿಯ ಎಲುಬುಗಳನ್ನು 1950ರ ದಶಕದಲ್ಲಿ ಪರೀಕ್ಷಿಸಿದ ಅಂಗರಚನಾ ತಜ್ಞ ಲುಯಿಜಿ ಮಾರ್ಟಿನೊ ಅವರೇ ಮುಂದೆ ವೆನಿಸ್‌ನದನ್ನೂ ನೋಡಿದರು. ಬಾರಿಯಲ್ಲಿ ಇಲ್ಲದ ಭಾಗಗಳು ವೆನಿಸ್‌ನಲ್ಲಿವೆ, ಎರಡೂ ಒಬ್ಬನದೇ ಇರಬಹುದು ಅಂದರು. ಒಂಬೈನೂರು ವರ್ಷ ಜಗಳವಾಡಿದ ಎರಡು ಊರುಗಳ ಬಳಿಯೂ ಒಬ್ಬನದೇ ಎಲುಬು ಇದ್ದಂತೆ ಕಾಣುತ್ತದೆ.

ಮೊಂಬತ್ತಿಯವರೇ, ಸಾಸಿವೆ ಕಾಳಿನಷ್ಟು ಚೂರನ್ನು ದಯವಿಟ್ಟು ಪರೀಕ್ಷೆಗೆ ಕೊಡಬೇಡಿ. ಕೊಟ್ಟರೆ ಚೂರೂ ಇರುವುದಿಲ್ಲ, ಹೆಸರೂ ಗೊತ್ತಾಗುವುದಿಲ್ಲ.

ಹಳೇಕಾಗದ

ಇಂಗಾಲ ಅವರ ಮಾತಿಗೆ ಕಾಗದದ ಕಡೆಯಿಂದ ಒಂದು ಸಾಕ್ಷಿ. 1988ಕ್ಕೆ 600 ವರ್ಷ ಮೊದಲೇ ಒಬ್ಬ ಧರ್ಮಾಧ್ಯಕ್ಷರು ಇದೇ ಕಾಲವನ್ನು ಹೇಳಿದ್ದರು. ಆ ಹೆಣವಸ್ತ್ರ ಮೊದಲು ಕಾಣಿಸಿಕೊಂಡಿದ್ದು ಫ್ರಾನ್ಸಿನ ಲಿರೇ ಎಂಬ ಊರಲ್ಲಿ, 1350ರ ದಶಕದಲ್ಲಿ. 1389ರಲ್ಲಿ ಧರ್ಮಾಧ್ಯಕ್ಷ ಪಿಯೇರ್ ದಾರ್ಸಿ ಅವಿನ್ಯೋನ್‌ನಲ್ಲಿದ್ದ ಪೋಪ್ ಏಳನೇ ಕ್ಲೆಮೆಂಟರಿಗೆ ಪತ್ರ ಬರೆದರು. ತಮ್ಮ ಹಿಂದಿನವರು ವಿಚಾರಣೆ ಮಾಡಿದ್ದರು, ಅದನ್ನು ಬರೆದ ಚಿತ್ರಕಾರನೇ ಒಪ್ಪಿಕೊಂಡಿದ್ದ ಅಂತ. ಮರುವರ್ಷ ಕ್ಲೆಮೆಂಟ್ ತೀರ್ಮಾನ ಹೇಳಿದರು. ತೋರಿಸಿ, ಆದರೆ ಇದು ನಿಜವಾದ ಹೆಣವಸ್ತ್ರವಲ್ಲ, ಅದರ ಪ್ರತಿರೂಪ ಅಂತ ಜೋರಾಗಿ ಹೇಳಿ ತೋರಿಸಿ ಅಂತ.

ಇವತ್ತಿಗೂ ಧರ್ಮಸಭೆ ಅದನ್ನು ಅಸಲಿ ಅಂತ ಘೋಷಿಸಿಲ್ಲ. 1998ರಲ್ಲಿ ಪೋಪ್ ಎರಡನೇ ಜಾನ್ ಪೌಲರು ಟುರಿನ್‌ನಲ್ಲೇ ನಿಂತು, ಇದು ವಿಶ್ವಾಸದ ವಿಷಯವಲ್ಲ, ತೀರ್ಮಾನ ವಿಜ್ಞಾನಿಗಳಿಗೆ ಬಿಟ್ಟಿದ್ದು ಅಂದರು. ಅದೇ ಮಾತಿನಲ್ಲಿ ಅದನ್ನು ಶುಭಸಂದೇಶದ ಕನ್ನಡಿ ಅಂತಲೂ ಕರೆದರು.

ಅಂದಹಾಗೆ ಮೊಂಬತ್ತಿಯವರೇ, ಆ ಕಾಗದದ ಪಟ್ಟಿಯ ಮೇಲೆ ಏನು ಬರೆದಿದೆ? ಅದು ತುಂಬಾ ಮುಖ್ಯ. ಡಬ್ಬಿಯ ಹಿಂಭಾಗ ತೆಗೆಯಬೇಡಿ. ಅಲ್ಲಿ ಕೆಂಪು ದಾರ ಮತ್ತು ಅರಗಿನ ಮುದ್ರೆ ಇದೆಯಾ ನೋಡಿ.

ಮೊಂಬತ್ತಿ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಇವತ್ತು ಒಂದು ತಿಂಗಳ ಮೇಲೆ ಡಬ್ಬಿ ಕೈಗೆ ತಗೊಂಡೆ. ಭೂತಗನ್ನಡಿ ಹಿಡಿದು ನೋಡಿದೆ. ಅಕ್ಷರ ತುಂಬಾ ಸಣ್ಣದು, ಕೈಬರಹ. ನನಗೆ ಓದಲು ಆಗಿದ್ದು ಹೀಗೆ: "ಎಕ್ಸ್ ಒಸ್ಸಿಬುಸ್ ಎಸ್. ಫಿಲುಮೆನೆ ವಿ. ಎಂ." ಹಿಂದೆ ಕೆಂಪು ದಾರ ಅಡ್ಡಡ್ಡ ಕಟ್ಟಿದೆ, ಅದರ ಮೇಲೆ ಅರಗು, ಅರಗಿನಲ್ಲಿ ಏನೋ ಲಾಂಛನ.

ಅಜ್ಜಿ ಯಾವ ಸಂತರು ಅಂತ ಹೇಳಿರಲೇ ಇಲ್ಲ.

ಹಳೇಕಾಗದ

ಲ್ಯಾಟಿನ್ ಅದು. "ಕನ್ನಿಕೆ ಮತ್ತು ರಕ್ತಸಾಕ್ಷಿ ಸಂತ ಫಿಲೋಮಿನಾಳ ಎಲುಬುಗಳಿಂದ" ಅಂತ ಅರ್ಥ.

ಮೊಂಬತ್ತಿಯವರೇ, ಇದನ್ನು ಸ್ವಲ್ಪ ಸಮಾಧಾನವಾಗಿ ಕೂತು ಓದಿ. ಅವಶೇಷಗಳ ಇತಿಹಾಸದಲ್ಲೇ ತುಂಬಾ ತಲೆಕೆಡಿಸುವ ಹೆಸರು ನಿಮ್ಮ ಕೈಯಲ್ಲಿದೆ.

1802ರ ಮೇ ತಿಂಗಳಲ್ಲಿ ರೋಮ್‌ನ ಪ್ರಿಸಿಲ್ಲಾ ನೆಲಸಮಾಧಿಯಲ್ಲಿ, ಅಂದರೆ ಹಳೇ ಕ್ರೈಸ್ತರು ಸತ್ತವರನ್ನು ಇಡುತ್ತಿದ್ದ ನೆಲದಡಿಯ ಸುರಂಗದಲ್ಲಿ, ಅಗೆಯುತ್ತಿದ್ದವರಿಗೆ ಗೋಡೆಯೊಳಗೆ ಒಂದು ಗೂಡು ಸಿಕ್ಕಿತು. ಅದರ ಬಾಯಿಗೆ ಮೂರು ಸುಟ್ಟ ಮಣ್ಣಿನ ಹಲಗೆ ಮುಚ್ಚಿದ್ದರು. ಹಲಗೆಗಳ ಮೇಲೆ ಕೆಂಪು ಬಣ್ಣದಲ್ಲಿ ಲಂಗರು, ಬಾಣ, ಗರಿ ಬರೆದಿತ್ತು. ಅಕ್ಷರಗಳು ಈ ಸಾಲಿನಲ್ಲಿದ್ದವು: "ಲುಮೆನಾ", "ಪಾಕ್ಸ್ ತೇ", "ಕುಮ್ ಫಿ". ಹೀಗೆ ಓದಿದರೆ ಅರ್ಥವಿಲ್ಲ. ಮೊದಲ ಹಲಗೆಯನ್ನು ಕೊನೆಗೆ ಹಾಕಿದರೆ "ಪಾಕ್ಸ್ ತೇಕುಮ್ ಫಿಲುಮೆನಾ" ಆಗುತ್ತದೆ. ಫಿಲುಮೆನಾ, ನಿನಗೆ ಶಾಂತಿಯಿರಲಿ. ಒಳಗೆ ಹನ್ನೆರಡು ಹದಿಮೂರು ವರ್ಷದ ಹುಡುಗಿಯ ಎಲುಬುಗಳು, ಪಕ್ಕದಲ್ಲಿ ಒಡೆದ ಗಾಜಿನ ಕುಡಿಕೆ. ಅದರಲ್ಲಿ ಒಣಗಿದ್ದು ರಕ್ತ ಅಂದುಕೊಂಡರು, ಹಾಗಾಗಿ ರಕ್ತಸಾಕ್ಷಿ ಅಂದರು. ಇಷ್ಟೇ ಸಿಕ್ಕಿದ್ದು. ಅವಳ ಹೆಸರು ರಕ್ತಸಾಕ್ಷಿಗಳ ಯಾವ ಹಳೆಯ ಪಟ್ಟಿಯಲ್ಲೂ ಇಲ್ಲ.

1805ರಲ್ಲಿ ಆ ಎಲುಬುಗಳು ನೇಪಲ್ಸ್ ಹತ್ತಿರದ ಮುನ್ಯಾನೊ ಎಂಬ ಊರಿಗೆ ಬಂದವು. ಅಲ್ಲಿಂದ ಹರಕೆ, ಗುಣವಾದ ಸುದ್ದಿ ಹಬ್ಬುತ್ತಾ ಹೋಯಿತು. 1833ರಲ್ಲಿ ನೇಪಲ್ಸ್‌ನ ಒಬ್ಬ ಸನ್ಯಾಸಿನಿಗೆ ದರ್ಶನದಲ್ಲಿ ಅವಳ ಇಡೀ ಜೀವನಕಥೆ ತಿಳಿಯಿತಂತೆ, ಗ್ರೀಸಿನ ರಾಜಕುಮಾರಿ ಅಂತೆಲ್ಲ. 1835ರಲ್ಲಿ ಸಾವಿನ ಅಂಚಿನಲ್ಲಿದ್ದ ಪೌಲಿನ್ ಝರಿಕೋ ಎಂಬ ಫ್ರೆಂಚ್ ಮಹಿಳೆ ಮುನ್ಯಾನೊಗೆ ಹೋಗಿ ಚೇತರಿಸಿಕೊಂಡರು. 1837ರಲ್ಲಿ ಪೋಪ್ ಹದಿನಾರನೇ ಗ್ರೆಗರಿ ಅವಳ ಹಬ್ಬಕ್ಕೆ ಒಪ್ಪಿಗೆ ಕೊಟ್ಟರು. ಆರ್ಸ್‌ನ ಗುರುಗಳಾದ ಸಂತ ಜಾನ್ ವಿಯಾನಿ ತಮ್ಮಿಂದ ಆದ ಪವಾಡಗಳನ್ನೆಲ್ಲ ಅವಳ ಲೆಕ್ಕಕ್ಕೇ ಹಾಕುತ್ತಿದ್ದರು. ಆ ಹೆಸರಿನ ದೇವಾಲಯಗಳು ಇವತ್ತು ಲೋಕದ ಎಷ್ಟೋ ಊರುಗಳಲ್ಲಿವೆ.

ಆಮೇಲೆ 1904ರಲ್ಲಿ ಪುರಾತತ್ವಜ್ಞ ಒರಾಝಿಯೊ ಮರೂಕಿ ಒಂದು ಪ್ರಶ್ನೆ ಎತ್ತಿದರು. ಹಲಗೆಗಳು ಹಿಂದುಮುಂದಾಗಿ ಏಕಿದ್ದವು? ಅವು ಎರಡನೇ ಶತಮಾನದ ಯಾರದೋ ಸಮಾಧಿಯದು. ನಾಲ್ಕನೇ ಶತಮಾನದಲ್ಲಿ ಬೇರೆ ಗೂಡು ಮುಚ್ಚಲು ಅವನ್ನೇ ಮತ್ತೆ ಬಳಸಿದ್ದಾರೆ. ಹಳೇ ಹೆಸರನ್ನು ಯಾರೂ ಓದಬಾರದು ಅಂತಲೇ ಸಾಲು ತಪ್ಪಿಸಿದ್ದಾರೆ. ಅದು ಸರಿಯಾದರೆ ಆ ಹುಡುಗಿಯ ಹೆಸರು ಫಿಲುಮೆನಾ ಅಲ್ಲವೇ ಅಲ್ಲ. ಕುಡಿಕೆಯಲ್ಲಿದ್ದದ್ದು ಸುಗಂಧ ತೈಲವೂ ಇರಬಹುದು. 1961ರ ಫೆಬ್ರವರಿಯಲ್ಲಿ ರೋಮ್ ಅವಳ ಹಬ್ಬವನ್ನು ಎಲ್ಲ ಪಂಚಾಂಗಗಳಿಂದಲೂ ತೆಗೆಸಿತು. ಮನೆಯಲ್ಲಿ ಪ್ರಾರ್ಥನೆ ಮಾಡಬೇಡಿ ಅಂತ ಮಾತ್ರ ಹೇಳಲಿಲ್ಲ.

ನಿಮಗೆ ನೋವಾಗುತ್ತದೆ ಅಂತ ಗೊತ್ತು. ಆದರೂ ಮುಚ್ಚಿಡುವುದು ಸರಿಯಲ್ಲ ಅನ್ನಿಸಿತು.

ಅನುಮಾನಿ

ಇದನ್ನು ಓದಿ ಸುಮ್ನೆ ಕೂತುಬಿಟ್ಟೆ. ಇಲ್ಲಿ ಮೋಸಗಾರ ಯಾರೂ ಇಲ್ಲ ಅಲ್ವಾ? ಜೋನ್‌ಳ ಜಾಡಿಯಲ್ಲಿ ಒಬ್ಬ ಸುಳ್ಳುಗಾರ ಇದ್ದ. ಇಲ್ಲಿ ಹಲಗೆ ಇದೆ, ಹುಡುಗಿ ಇದ್ದಾಳೆ. ನಡುವೆ ಜನರೇ ಒಳ್ಳೇ ಮನಸ್ಸಿನಿಂದ ಒಂದು ಕಥೆ ಕಟ್ಟಿಕೊಂಡರು.

ಬರಿಗೈ

ನನಗೆ ಇದೇ ಜಾಸ್ತಿ ದುಃಖದ ವಿಷಯ. ಇಷ್ಟು ಜನ ಇಲ್ಲದ ಹೆಸರನ್ನು ಕೂಗಿ ಬೇಡಿದರು. ಮೊಂಬತ್ತಿಯವರೇ, ಈಗಲಾದರೂ ನೇರವಾಗಿ ದೇವರನ್ನೇ ಕೇಳಿ. ನಡುವೆ ಯಾರೂ ಬೇಡ.

ದೀಪದಕುಡಿ

ಇಲ್ಲದ ಹೆಸರು ಇರಬಹುದು, ಮಗ. ಇಲ್ಲದ ಹುಡುಗಿ ಅಲ್ಲ.

ಹಳೇಕಾಗದ ಅವರು ಬರೆದಿದ್ದು ಓದಿ ಮೊದಲು ನನಗೂ ಎದೆ ಧಸಕ್ಕೆಂದಿತು. ಆಮೇಲೆ ಯೋಚಿಸಿದೆ. ಹನ್ನೆರಡು ವರ್ಷದ ಮಗು. ಯಾರೋ ಅದನ್ನು ಹೊತ್ತು ಆ ಕತ್ತಲ ಸುರಂಗಕ್ಕೆ ಇಳಿದಿದ್ದಾರೆ. ಹೊಸ ಹಲಗೆ ಬರೆಸುವಷ್ಟು ದುಡ್ಡಿರಲಿಲ್ಲವೋ ಏನೋ, ಬೇರೆಯವರ ಹಳೇ ಹಲಗೆ ತಂದು ಮುಚ್ಚಿದ್ದಾರೆ. ಪಕ್ಕದಲ್ಲಿ ಒಂದು ಕುಡಿಕೆ ಇಟ್ಟಿದ್ದಾರೆ. ಅವಳಿಗೂ ಒಂದು ಹೆಸರಿತ್ತು. ಅವಳ ತಾಯಿಗೆ ಮಾತ್ರ ಗೊತ್ತಿದ್ದ ಹೆಸರು.

ನಾವು ಇಷ್ಟು ವರ್ಷ ಅವಳನ್ನು ಬೇರೆ ಹೆಸರಿನಿಂದ ಕರೆದೆವು. ಅವಳಿಗೆ ರಾಜಕುಮಾರಿಯ ಬಟ್ಟೆ ತೊಡಿಸಿದೆವು. ಅದರಲ್ಲಿ ತಪ್ಪಾಗಿದ್ದರೆ ನಮ್ಮದು, ಅವಳದಲ್ಲ.

ಇಂಗಾಲ

ಅಮ್ಮ ಹೇಳಿದ್ದು ನನ್ನ ಮನಸ್ಸಿಗೂ ತಾಗಿತು. ಲ್ಯಾಬ್‌ನಲ್ಲಿ ನಾವು "ಮಾದರಿ" ಅನ್ನುತ್ತೇವೆ, ಅದಕ್ಕೊಂದು ನಂಬರ್ ಹಾಕುತ್ತೇವೆ. ರೋಮ್‌ನ ಆ ತೊಡೆಯೆಲುಬೂ ಯಾರದೋ ಕಾಲು. ಯಕೋಬನಲ್ಲ ಅಂತ ಗೊತ್ತಾದ ಮಾತ್ರಕ್ಕೆ ಅದು ಕಸವಾಗುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಮೊಂಬತ್ತಿಯವರ ಡಬ್ಬಿಯಲ್ಲಿರುವುದು ಆ ಹುಡುಗಿಯದೇ ಅಂತಲೂ ನಾವು ಹೇಳುವಂತಿಲ್ಲ. ಅದಕ್ಕೆ ಮುದ್ರೆ ಹೊಂದಬೇಕು, ಜೊತೆಗೆ ಕೊಡುತ್ತಿದ್ದ ಪ್ರಮಾಣಪತ್ರ ಬೇಕು.

ಹಳೇಕಾಗದ

ಹೌದು. ಆ ಪತ್ರದಲ್ಲಿ ಯಾವ ಧರ್ಮಾಧ್ಯಕ್ಷರು, ಯಾವ ದಿನ, ಯಾವ ಚೂರು ಅಂತ ಬರೆದಿರುತ್ತದೆ. ಅರಗಿನ ಲಾಂಛನ ಅವರದೇ ಇರಬೇಕು. ಡಬ್ಬಿಯ ದಾರ ಕಡಿದರೆ ಆ ಸಾಕ್ಷಿ ಹೋದಂತೆ. 2017ರ ಡಿಸೆಂಬರ್‌ನಲ್ಲಿ ರೋಮ್ ಹೊಸ ಸೂಚನೆ ಹೊರಡಿಸಿದೆ. ಪ್ರಮಾಣಪತ್ರ ಇಲ್ಲದಿದ್ದರೆ ಸಾರ್ವಜನಿಕವಾಗಿ ಇಡುವಂತಿಲ್ಲ. ನಿಮ್ಮ ಗುರುಗಳಿಗೆ ಒಮ್ಮೆ ತೋರಿಸಿ.

ಮೊಂಬತ್ತಿ

ಎರಡು ವಾರ ಆಯಿತು, ತಡವಾಗಿದ್ದಕ್ಕೆ ಕ್ಷಮಿಸಿ.

ಫಾದರ್ ಹತ್ತಿರ ಹೋಗಿದ್ದೆ. ಅವರು ಕಿಟಕಿ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ದಾರ ಎಲ್ಲೂ ಕಡಿದಿಲ್ಲ, ಮುದ್ರೆ ಒಡೆದಿಲ್ಲ ಅಂದರು. ಅಂದರೆ ಕಟ್ಟಿದ ಮೇಲೆ ಯಾರೂ ಬಿಚ್ಚಿಲ್ಲ. ಪತ್ರ ಇದೆಯಾ ಅಂತ ಕೇಳಿದರು. ಅಜ್ಜಿಯ ಪೆಟ್ಟಿಗೆಯೆಲ್ಲ ಹುಡುಕಿದ್ದೆ, ಸಿಗಲಿಲ್ಲ. ಹಾಗಾದರೆ ದೇವಾಲಯದಲ್ಲಿ ಇಡಲು ಆಗುವುದಿಲ್ಲ, ಮನೆಯಲ್ಲಿ ಗೌರವದಿಂದ ಇಟ್ಟುಕೊಳ್ಳಿ, ಯಾರಿಗೂ ಮಾರಬೇಡಿ, ಬೇಡವಾದರೆ ನನ್ನ ಕೈಗೆ ತಂದುಕೊಡಿ ಅಂದರು.

ನಾನು ಕೇಳಿದೆ, "ಫಾದರ್, ಇದು ಫಿಲೋಮಿನಾ ಅಲ್ಲದಿದ್ದರೆ ಅಜ್ಜಿ ಯಾರನ್ನು ಬೇಡಿದರು?" ಅವರು ತಕ್ಷಣ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ನಿಮ್ಮಜ್ಜಿ ಈಗ ಅವಳನ್ನು ಭೇಟಿಯಾಗಿರ್ತಾರೆ. ಸರಿಯಾದ ಹೆಸರು ಅವರಿಗೆ ಗೊತ್ತಾಗಿರುತ್ತೆ" ಅಂದರು.

ಡಬ್ಬಿಯನ್ನು ಮೊದಲಿನ ಜಾಗದಲ್ಲೇ ಇಟ್ಟಿದ್ದೇನೆ. ಜ್ವರಕ್ಕೆ ಹಣೆಗೆ ಮುಟ್ಟಿಸುತ್ತೇನಾ ಅಂದರೆ, ಗೊತ್ತಿಲ್ಲ. ಡಾಕ್ಟರ ಹತ್ತಿರವಂತೂ ಹೋಗುತ್ತೇನೆ. ಬರಿಗೈ ಅವರ ಮಾತು 'ನೇರವಾಗಿ ದೇವರನ್ನೇ ಕೇಳಿ' ಅನ್ನುವುದು ಮನಸ್ಸಿನಲ್ಲಿ ಉಳಿದಿದೆ, ಈಗ ನನಗೆ ಬೇಕಾದ್ದನ್ನು ಹಾಗೇ ಕೇಳುತ್ತಿದ್ದೇನೆ. ಆದರೆ ಮಲಗುವ ಮೊದಲು ಡಬ್ಬಿ ಕೈಗೆ ತಗೊಳ್ಳುವುದು ಬಿಟ್ಟಿಲ್ಲ. ಅಜ್ಜಿ "ನಮಗಾಗಿ ಬೇಡಿಕೋ ತಾಯಿ" ಅನ್ನುತ್ತಿದ್ದರು. ನಾನು ಈಗ ಆ ಹಲಗೆಯ ಮೇಲಿದ್ದ ಮಾತನ್ನಷ್ಟೇ ಹೇಳುತ್ತೇನೆ. ನಿನಗೆ ಶಾಂತಿಯಿರಲಿ ಅಂತ. ಹೆಸರು ಸೇರಿಸುವುದಿಲ್ಲ.

ಹಳೇಕಾಗದ

ಆಗಬಹುದಾದರೆ ಅರಗಿನ ಫೋಟೋ ಒಂದು ಹಾಕಿ, ಬೆಳಕು ಪಕ್ಕದಿಂದ ಬೀಳಲಿ. ಲಾಂಛನ ಯಾವ ಧರ್ಮಾಧ್ಯಕ್ಷರದು ಅಂತ ಗೊತ್ತಾದರೆ ಇದನ್ನು ಯಾವ ಕಾಲದಲ್ಲಿ ಕಟ್ಟಿದ್ದು ಅಂತಲಾದರೂ ತಿಳಿಯುತ್ತದೆ.

ಮೊಂಬತ್ತಿ

ನಾಳೆ ಬೆಳಿಗ್ಗೆ ತೆಗೆದು ಹಾಕುತ್ತೇನೆ.